ಪಿತ್ರಾರ್ಜಿತ ಆಸ್ತಿ ಮತ್ತು ಉತ್ತರಾಧಿಕಾರಿಗಳು (ಹಾಸನ ಸೀಮೆ)

ತಂದೆ, ಅಜ್ಜ ಮತ್ತು ಮುತ್ತಜ್ಜನಿಂದ ವಂಶದಲ್ಲಿ ಇಳಿದುಬರುವ ಸ್ವತ್ತನ್ನು ಪಿತ್ರಾರ್ಜಿತ ಆಸ್ತಿ ಎನ್ನುತ್ತಾರೆ. ಹಾಸನ, ಹೊಳೆನರಸೀಪುರ, ಅರಕಲಗೂಡು ಮತ್ತು ಚನ್ನರಾಯಪಟ್ಟಣ ತಾಲ್ಲೂಕುಗಳಲ್ಲಿ ಇದು ಮುಖ್ಯವಾಗಿ ಜಮೀನು, ಮನೆ ಹಾಗೂ ವಂಶಪಾರಂಪರ್ಯ ಗ್ರಾಮಾಧಿಕಾರದ ರೂಪದಲ್ಲಿತ್ತು. ಇಂತಹ ಸಂಪತ್ತು ನಂತರದ ತಲೆಮಾರುಗಳ ಸ್ವಭಾವದ ಮೇಲೆ ಬೀರಿದ ಪ್ರಭಾವವು ಈ ಭಾಗದ ಸಾಹಿತ್ಯದಲ್ಲಿಯೂ ಚಿತ್ರಿತವಾಗಿದೆ.

ಹಿನ್ನೆಲೆ

ಹಿಂದಿನ ಮೈಸೂರು ಸಂಸ್ಥಾನದ ಗ್ರಾಮಗಳಲ್ಲಿ ಪಟೇಲನು ಕಂದಾಯ ವಸೂಲಿಯನ್ನೂ ಶಾನುಭೋಗನು ಲೆಕ್ಕಪತ್ರಗಳನ್ನೂ ನೋಡಿಕೊಳ್ಳುತ್ತಿದ್ದರು. ತಳವಾರ, ತೋಟಿ, ನೀರಗಂಟಿ ಮೊದಲಾದ ಹುದ್ದೆಗಳೂ ಇದ್ದವು. ಈ ಹುದ್ದೆಗಳು ಸಾಮಾನ್ಯವಾಗಿ ವಂಶಪಾರಂಪರ್ಯವಾಗಿದ್ದವು. 1908ರ ಮೈಸೂರು ಗ್ರಾಮಾಧಿಕಾರಗಳ ಕಾಯಿದೆಯು ಇವನ್ನು ನಿಯಂತ್ರಿಸುತ್ತಿತ್ತು. ಶಾನುಭೋಗಿಕೆಗೆ ಇನಾಮು ಜಮೀನು ಅಥವಾ ಪೋಟಗಿ ಎಂಬ ಸಂಭಾವನೆ ದೊರೆಯುತ್ತಿತ್ತು.

ಮಿತಾಕ್ಷರ ಪದ್ಧತಿಯಂತೆ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಗಂಡು ಮಗುವಿಗೆ ಹುಟ್ಟಿನಿಂದಲೇ ಹಕ್ಕು ಬರುತ್ತಿತ್ತು. ಹೀಗಾಗಿ ಯೋಗ್ಯತೆಯನ್ನು ಗಳಿಸುವ ಮೊದಲೇ ಹಕ್ಕು ಖಚಿತವಾಗಿರುತ್ತಿತ್ತು. ತಂದೆಯ ಸಾಲವನ್ನು ತೀರಿಸುವುದು ಮಗನ ಧರ್ಮವೆಂಬ ನಿಯಮದಿಂದ ಆಸ್ತಿಯೊಡನೆ ಋಣವೂ ಮುಂದಿನ ತಲೆಮಾರಿಗೆ ಬರುತ್ತಿತ್ತು.

ಸ್ವಭಾವದ ಮೇಲಿನ ಪ್ರಭಾವ

"ಕೂತು ತಿನ್ನುವವನಿಗೆ ಕುಡಿಕೆ ಹೊನ್ನು ಸಾಲದು" ಎಂಬ ಗಾದೆಯು ದುಡಿಮೆಯಿಲ್ಲದ ಅನುಭೋಗದ ಪರಿಣಾಮವನ್ನು ಹೇಳುತ್ತದೆ. ಜಮೀನು ವಾರಸಿಕೆಯಿಂದ ಬಂದರೂ ಬೇಸಾಯದ ತಿಳಿವಳಿಕೆ ಹಾಗೆ ಬರುವುದಿಲ್ಲ. ಹುದ್ದೆ ಬಂದರೂ ಲೆಕ್ಕ ಬರೆಯುವ ವಿದ್ಯೆಯನ್ನು ಕಲಿಯಲೇಬೇಕು. ಹಿರಿಯರೊಡನೆ ದುಡಿದು ಬೆಳೆದ ಮಕ್ಕಳಿಗೆ ಆಸ್ತಿಯು ಹೊಣೆಗಾರಿಕೆಯಾಗುತ್ತದೆ. ಬರೀ ಹಕ್ಕಾಗಿ ದೊರೆತಲ್ಲಿ ಅದು ಸೋಮಾರಿತನ, ಸಾಲ ಮತ್ತು ದಾಯಾದಿ ಕಲಹಗಳಿಗೆ ಎಡೆಮಾಡಿಕೊಡಬಹುದು.

ಸಾಹಿತ್ಯದಲ್ಲಿ

ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದಲ್ಲಿ ಜನಿಸಿದ ಎಸ್. ಎಲ್. ಭೈರಪ್ಪನವರ *ಗೃಹಭಂಗ* (1970) ಕಾದಂಬರಿಯು ಶಾನುಭೋಗರ ಮನೆತನವೊಂದರ ಪತನವನ್ನು ನಿರೂಪಿಸುತ್ತದೆ. ಶಾನುಭೋಗರ ವಿಧವೆ ಗಂಗಮ್ಮನ ಮಕ್ಕಳಾದ ಚೆನ್ನಿಗರಾಯ ಮತ್ತು ಅಪ್ಪಣ್ಣಯ್ಯ ಹೊಣೆಗೇಡಿಗಳಾಗಿ ಬೆಳೆಯುತ್ತಾರೆ. ಮನೆತನದ ಜಮೀನು ಸಾಲದ ಪಾಲಾಗುತ್ತದೆ. ಶಾನುಭೋಗಿಕೆಯ ಹಕ್ಕು ಚೆನ್ನಿಗರಾಯನದಾದರೂ ಲೆಕ್ಕ ಬರೆಯುವವಳು ಸೊಸೆಯಾಗಿ ಬಂದ ನಂಜಮ್ಮ. ಮುತ್ತುಗದ ಎಲೆಗಳನ್ನು ಹಚ್ಚಿ ಸಂಸಾರ ನಡೆಸುವವಳೂ ಅವಳೇ. ಹಕ್ಕು ಒಬ್ಬರಲ್ಲಿ, ಸಾಮರ್ಥ್ಯ ಇನ್ನೊಬ್ಬರಲ್ಲಿ ಇರುವ ಈ ಸ್ಥಿತಿಯು ಜನ್ಮಾಧಾರಿತ ಉತ್ತರಾಧಿಕಾರದ ಮುಖ್ಯ ದೋಷವನ್ನು ತೋರಿಸುತ್ತದೆ. ಆದರೆ ಮನೆತನದ ಪತನಕ್ಕೆ ಕಾದಂಬರಿಯು ಇದೊಂದನ್ನೇ ಕಾರಣವಾಗಿಸುವುದಿಲ್ಲ. ತಾಯಿಯ ಒರಟುತನ, ಬಡತನ ಮತ್ತು ಪ್ಲೇಗಿನ ಹಾವಳಿಯೂ ಅದರಲ್ಲಿ ಸೇರಿವೆ. ಈ ಕೃತಿಯನ್ನು ಗಿರೀಶ್ ಕಾಸರವಳ್ಳಿ ದೂರದರ್ಶನ ಧಾರಾವಾಹಿಯಾಗಿ ನಿರ್ದೇಶಿಸಿದರು.

ಕಾನೂನು ಮತ್ತು ಬದಲಾವಣೆ

* 1933: ಮೈಸೂರು ಸಂಸ್ಥಾನದ ಹಿಂದೂ ಮಹಿಳಾ ಹಕ್ಕುಗಳ ಕಾಯಿದೆಯು ಕುಟುಂಬದ ಆಸ್ತಿ ವಿಭಾಗವಾದಾಗ ವಿಧವೆ, ತಾಯಿ, ಅವಿವಾಹಿತ ಪುತ್ರಿ ಮೊದಲಾದವರಿಗೆ ಪಾಲು ನೀಡಿತು.
* 1963: ಗ್ರಾಮಾಧಿಕಾರಗಳ ರದ್ದಿಯಾತಿ ಕಾಯಿದೆ (1961) ಫೆಬ್ರುವರಿ 1ರಂದು ಜಾರಿಗೆ ಬಂದು, ವಂಶಪಾರಂಪರ್ಯ ಶಾನುಭೋಗಿಕೆ ಹಾಗೂ ಪಟೇಲಿಕೆ ಕೊನೆಗೊಂಡವು. ಲೆಕ್ಕದ ಕೆಲಸ ನೇಮಕಗೊಂಡ ಗ್ರಾಮಲೆಕ್ಕಿಗರ ಪಾಲಾಯಿತು.
* 1974: ದೇವರಾಜ ಅರಸು ಅವರ ಆಡಳಿತದಲ್ಲಿ ಭೂಸುಧಾರಣಾ ಕಾಯಿದೆಯ ತಿದ್ದುಪಡಿಯು ಮಾರ್ಚ್ 1ರಂದು ಜಾರಿಯಾಗಿ, ಗೇಣಿ ಜಮೀನು ಸರ್ಕಾರಕ್ಕೆ ಸೇರಿ ಉಳುವ ಗೇಣಿದಾರರಿಗೆ ಅದರ ಒಡೆತನ ಪಡೆಯುವ ಹಕ್ಕು ದೊರೆಯಿತು. ಗೇಣಿಯನ್ನೇ ನಂಬಿದ್ದ ಕುಟುಂಬಗಳು ಬೇರೆ ಜೀವನೋಪಾಯವನ್ನು ಹುಡುಕಬೇಕಾಯಿತು.
* 1994: ಕರ್ನಾಟಕದ ತಿದ್ದುಪಡಿಯು ಆ ವೇಳೆಗೆ ವಿವಾಹವಾಗಿರದ ಪುತ್ರಿಯರಿಗೆ ಜನ್ಮಸಿದ್ಧ ಸಮಪಾಲು ನೀಡಿತು.
* 2005: ಕೇಂದ್ರದ ತಿದ್ದುಪಡಿಯು ವಿವಾಹಿತ ಪುತ್ರಿಯರಿಗೂ ಈ ಹಕ್ಕನ್ನು ವಿಸ್ತರಿಸಿತು, ಮುಂದೆ ಮಾಡಲಾಗುವ ಪಿತೃಋಣಕ್ಕೆ ಧರ್ಮದ ಆಧಾರದಲ್ಲಿ ಮಕ್ಕಳನ್ನು ಹೊಣೆಮಾಡುವುದನ್ನು ನಿಲ್ಲಿಸಿತು.

ಗೊರೂರಿನ ಬಳಿಯ ಹೇಮಾವತಿ ಜಲಾಶಯದಿಂದ ಜಮೀನು ಮುಳುಗಡೆಯಾದ ಕುಟುಂಬಗಳಲ್ಲಿ ಪಿತ್ರಾರ್ಜಿತ ಭೂಮಿಯ ಸ್ಥಾನವನ್ನು ಪರಿಹಾರವು ಪಡೆಯಿತು. ನಾಲೆಗಳ ಬಯಲಿನಲ್ಲಿ ಖುಷ್ಕಿ ಜಮೀನು ತರಿಯಾಗಿ ಬೆಲೆ ಹೆಚ್ಚಿಸಿಕೊಂಡಿತು. ಹೀಗೆ ಆಸ್ತಿಯ ರೂಪ ಬದಲಾದರೂ ಅದನ್ನು ಉಳಿಸಿಕೊಳ್ಳುವ ಅರಿವನ್ನು ಪ್ರತಿಯೊಂದು ತಲೆಮಾರೂ ಹೊಸದಾಗಿ ಗಳಿಸಬೇಕಾಗುತ್ತದೆ.