ಕರೆಂಟು, ಪೆಟ್ರೋಲು, ಟೈಮಿಂಗು: ಗಡಿಸೀಮೆಯ ಗ್ಯಾರೇಜು ವಿದ್ಯೆಯ ಚರಿತ್ರೆ

ಕಲ್ಯಾಣದುರ್ಗ ಸೀಮೆಯ ಬ್ರಹ್ಮಸಮುದ್ರವು ಆಡಳಿತದ ದೃಷ್ಟಿಯಿಂದ ಆಂಧ್ರಪ್ರದೇಶದ ಅನಂತಪುರ ಜಿಲ್ಲೆಗೆ ಸೇರಿದ್ದರೂ, ಅದರ ಪಶ್ಚಿಮಕ್ಕೆ ಕನ್ನಡದ ಚಳ್ಳಕೆರೆ ಸೀಮೆ ಹಬ್ಬಿದೆ. 1882ರಲ್ಲಿ ಬಳ್ಳಾರಿ ಜಿಲ್ಲೆಯಿಂದ ಅನಂತಪುರ ಜಿಲ್ಲೆಯನ್ನು ಬೇರ್ಪಡಿಸಿದಾಗಲೂ, 1953ರಲ್ಲಿ ಆಂಧ್ರ ರಾಜ್ಯ ರೂಪುಗೊಂಡಾಗಲೂ ಈ ಭಾಗದ ಕನ್ನಡ–ತೆಲುಗು ಒಡನಾಟ ಕಡಿಯಲಿಲ್ಲ. ಈ ಒಡನಾಟವನ್ನು ಶಾಸನ, ಸಾಹಿತ್ಯಗಳಲ್ಲಿ ಹುಡುಕುವವರು ಗ್ಯಾರೇಜಿನ ಮಾತನ್ನೂ ಗಮನಿಸಬೇಕು. ಸೆಲ್ಫು, ಪಾಯಿಂಟು, ಚೋಕು ಮೊದಲಾದ ಪದಗಳಿಗೆ ಅಲ್ಲಿ ಭಾಷೆಯ ಗಡಿಯಿಲ್ಲ. ಸೆಲ್ಫ್ ತಿರುಗಿಯೂ ಚಾಲೂ ಆಗದ ಹಳೆಯ ಇಂಜಿನ್ನಿನ ದೋಷವನ್ನು ಕಂಡುಹಿಡಿಯುವ ಕ್ರಮವು, ಬಹುಮಟ್ಟಿಗೆ ಬರಹಕ್ಕಿಳಿಯದೆ ಗುರುವಿನ ಕೈಯಿಂದ ಶಿಷ್ಯನ ಕೈಗೆ ದಾಟಿ ಬಂದ ಒಂದು ನಿಜವಾದ ವಿದ್ಯೆ.

ಈ ವಿದ್ಯೆಗೆ ನೆಲೆಯಾದದ್ದು ಕೆಲವೇ ಬಗೆಯ ವಾಹನಗಳು. ಮಹೀಂದ್ರ ಸಂಸ್ಥೆ 1940ರ ದಶಕದ ಕೊನೆಯಲ್ಲಿ ಜೋಡಿಸತೊಡಗಿದ ಜೀಪು, ಮಾರಿಸ್ ಆಕ್ಸ್‌ಫರ್ಡ್ ಮಾದರಿಯಿಂದ ಹುಟ್ಟಿ 2014ರವರೆಗೂ ತಯಾರಾದ ಅಂಬಾಸಿಡರ್, ಫಿಯೆಟ್ 1100ರ ವಂಶದ ಪ್ರೀಮಿಯರ್ ಪದ್ಮಿನಿ ಇವು ದಶಕಗಳ ಕಾಲ ಹೆಚ್ಚು ಬದಲಾಗದೆ ಉಳಿದುದರಿಂದ, ಒಂದು ಇಂಜಿನ್ನಿನಲ್ಲಿ ಕಲಿತ ಪಾಠವು ಮೆಕ್ಯಾನಿಕನಿಗೆ ಜೀವಮಾನವಿಡೀ ಅನ್ನ ನೀಡುತ್ತಿತ್ತು. 1951ರಲ್ಲಿ ಸ್ಥಾಪನೆಗೊಂಡ ಬೆಂಗಳೂರಿನ ಮೈಕೋ, 1961ರಲ್ಲಿ ಮದರಾಸಿನಲ್ಲಿ ಆರಂಭವಾದ ಲೂಕಾಸ್–ಟಿವಿಎಸ್ ಸಂಸ್ಥೆಗಳಿಂದಾಗಿ ಸ್ಪಾರ್ಕ್ ಪ್ಲಗ್ ಮತ್ತು ವಿದ್ಯುತ್ ಭಾಗಗಳು ದೇಶದಲ್ಲಿಯೇ ತಯಾರಾಗತೊಡಗಿದವು.

ಸ್ಪಾರ್ಕ್ ಹಂಚುವ ಡಿಸ್ಟ್ರಿಬ್ಯೂಟರನ್ನು ಭಾರತದ ಅನೇಕ ಕಡೆ ಮೆಕ್ಯಾನಿಕರು ‘ಡೆಲ್ಕೊ’ ಎನ್ನುತ್ತಾರೆ. ಅಮೆರಿಕದ ಚಾರ್ಲ್ಸ್ ಕೆಟರಿಂಗ್ 1909ರಲ್ಲಿ ಸಹಭಾಗಿಯೊಡನೆ ಸ್ಥಾಪಿಸಿದ ಕಂಪನಿಯ ಹೆಸರು ಅದು. ಬ್ಯಾಟರಿಯಿಂದ ಕಿಡಿ ಹುಟ್ಟಿಸುವ ವ್ಯವಸ್ಥೆಯನ್ನು ಬಳಕೆಗೆ ತಂದವನೂ, 1912ರ ಕ್ಯಾಡಿಲಾಕ್ ಕಾರಿಗೆ ವಿದ್ಯುತ್ ಸೆಲ್ಫನ್ನು ಕೊಟ್ಟವನೂ ಆತನೇ. ಡೆಲ್ಕೊದೊಳಗಿನ ಪಾಯಿಂಟು, ಅಂದರೆ ತೆರೆದು ಮುಚ್ಚುವ ಪುಟ್ಟ ಲೋಹದ ಸ್ಪರ್ಶಬಿಂದುಗಳ ಜೋಡಿ, ತೆರೆದೊಡನೆ ಕಾಯಿಲಿನಲ್ಲಿ ಸಾವಿರಾರು ವೋಲ್ಟಿನ ವಿದ್ಯುತ್ತು ಹುಟ್ಟಿ ಪ್ಲಗ್ಗಿಗೆ ಹರಿಯುತ್ತದೆ. ಕಂಡೆನ್ಸರು ಆ ಪಾಯಿಂಟು ಸುಟ್ಟುಹೋಗದಂತೆ ಕಾಯುತ್ತದೆ.

ಪರೀಕ್ಷೆ ಆರಂಭವಾಗುತ್ತಿದ್ದುದು ‘ಕರೆಂಟು ಬರುತ್ತಿದೆಯೇ’ ಎಂಬ ಪ್ರಶ್ನೆಯಿಂದ. ಒಬ್ಬ ಶಿಷ್ಯ ಸೆಲ್ಫ್ ಹೊಡೆಯುತ್ತಿರುವಾಗ ಮೆಕ್ಯಾನಿಕನು ಬಿಚ್ಚಿದ ಪ್ಲಗ್ಗನ್ನು ಅದರ ವೈರಿಗೇ ಸಿಕ್ಕಿಸಿ, ಇಂಜಿನ್ನಿನ ಲೋಹಕ್ಕೆ ತಾಗಿಸಿಟ್ಟು, ಚಟಚಟ ಸದ್ದಿನ ನೀಲಿ ಕಿಡಿ ಕಂಡರೆ ಮುಂದಿನ ಹಂತಕ್ಕೆ ಹೋಗುತ್ತಿದ್ದನು. ಕಿಡಿ ಕೆಂಪಾಗಿ ಸೊರಗಿದ್ದರೆ ಅಥವಾ ಇಲ್ಲವೇ ಇಲ್ಲದಿದ್ದರೆ ಡೆಲ್ಕೊದ ಮುಚ್ಚಳ ತೆಗೆದು, ಕಪ್ಪಾದ ಪಾಯಿಂಟನ್ನು ಉಜ್ಜುಕಾಗದದಿಂದ ತಿಕ್ಕಿ, ಸುಮಾರು 0.4 ಮಿಲಿಮೀಟರ್ ಅಂತರವನ್ನು ಫೀಲರ್ ಗೇಜಿನಿಂದಲೋ, ಅದಿಲ್ಲದಾಗ ರಟ್ಟಿನ ಚೂರಿನಿಂದಲೋ ಹೊಂದಿಸುತ್ತಿದ್ದನು. ಬಿಚ್ಚಿದ ಪ್ಲಗ್ಗೇ ಇನ್ನೊಂದು ಸಾಕ್ಷಿಯನ್ನೂ ಒದಗಿಸುತ್ತಿತ್ತು: ತುದಿ ಒದ್ದೆಯಾಗಿದ್ದರೆ ‘ಪೆಟ್ರೋಲು ಓವರ್ ಆಗಿದೆ’, ಒಣಗಿದ್ದರೆ ಪೆಟ್ರೋಲು ಮೇಲಕ್ಕೆ ಬಂದೇ ಇಲ್ಲ.

ಈ ಎರಡನೆಯ ದೋಷಕ್ಕೆ ಇಲ್ಲಿನ ಹವೆಯೂ ಕಾರಣವಾಗುತ್ತಿತ್ತು. ದೇಶದಲ್ಲೇ ಅತಿ ಕಡಿಮೆ ಮಳೆ ಬೀಳುವ ಜಿಲ್ಲೆಗಳ ಸಾಲಿಗೆ ಸೇರಿದ ಅನಂತಪುರದ ಬಿರುಬೇಸಿಗೆಯಲ್ಲಿ, ಕಾದ ಇಂಜಿನ್ನಿನ ಪಕ್ಕದ ಪಂಪು ಮತ್ತು ಪೈಪಿನಲ್ಲಿ ಪೆಟ್ರೋಲು ಆವಿಯಾಗಿ ಹರಿವು ನಿಂತರೆ, ಪಂಪಿನ ಮೇಲೆ ಒದ್ದೆ ಬಟ್ಟೆ ಸುತ್ತಿ ಅದು ತಣಿಯುವವರೆಗೆ ಕಾಯುವುದೇ ಮದ್ದಾಗಿತ್ತು. ಕರೆಂಟು, ಪೆಟ್ರೋಲು ಎರಡೂ ಸರಿಯಿದ್ದ ಮೇಲಷ್ಟೇ ಟೈಮಿಂಗಿನ, ಅಂದರೆ ಕಿಡಿ ಹಾರಬೇಕಾದ ಹೊತ್ತಿನ, ಸರದಿ ಬರುತ್ತಿತ್ತು. ಆಗ ಒಂದನೆಯ ಸಿಲಿಂಡರಿನ ಪ್ಲಗ್ ರಂಧ್ರಕ್ಕೆ ಹೆಬ್ಬೆರಳೊತ್ತಿ ಗಾಳಿಯ ಒತ್ತಡವನ್ನು ಗುರುತಿಸಿ, ಸಿಲಿಂಡರುಗಳಲ್ಲಿ ಕಿಡಿ ಹಾರುವ 1–3–4–2ರ ಕ್ರಮದಲ್ಲಿ ಪ್ಲಗ್ಗಿನ ವೈರುಗಳನ್ನು ತಾಳೆ ನೋಡಲಾಗುತ್ತಿತ್ತು.

2000ದ ಆಸುಪಾಸಿನಿಂದ ಕಾರ್ಬ್ಯುರೇಟರಿನ ಜಾಗಕ್ಕೆ ಇಂಜೆಕ್ಷನ್ನೂ, ಪಾಯಿಂಟಿನ ಜಾಗಕ್ಕೆ ಎಲೆಕ್ಟ್ರಾನಿಕ್ ವ್ಯವಸ್ಥೆಯೂ ಬಂದು, ದೋಷದ ಸುಳಿವನ್ನು ಸ್ಕ್ಯಾನರು ಕೊಡತೊಡಗಿತು. ಆದರೂ ಖರ್ಚಿಲ್ಲದ ಪರೀಕ್ಷೆಯನ್ನು ಮೊದಲು ಮಾಡಬೇಕು, ಕಣ್ಣಾರೆ ಕಾಣುವವರೆಗೆ ಯಾವ ಭಾಗವನ್ನೂ ನಂಬಬಾರದು, ಒಂದು ಪ್ರಶ್ನೆ ತೀರದೆ ಮತ್ತೊಂದಕ್ಕೆ ಕೈಹಾಕಬಾರದು ಎಂಬ ಶಿಸ್ತು ಸ್ಕ್ಯಾನರು ಹಿಡಿದ ಕೈಗೂ ಬೇಕಾದದ್ದೇ. ಆ ಶಿಸ್ತನ್ನು ಕಟ್ಟಿ ಬೆಳೆಸಿದ ಹಿರಿಯ ಮೆಕ್ಯಾನಿಕರ ಮಾತನ್ನು, ಅವರಾಡುವ ಕನ್ನಡ–ತೆಲುಗಿನ ಬೆರಕೆಯಲ್ಲಿಯೇ ಬರೆದಿಡುವುದು ಗಡಿಸೀಮೆಯ ಚರಿತ್ರೆಯ ಬಾಕಿ ಉಳಿದ ಕೆಲಸ.