ಮಗ್ಗದ ಮನೆಯ ಫ್ಯೂಸು: ಬೆಂಗಳೂರು ಗ್ರಾಮಾಂತರದಲ್ಲಿ ವಿದ್ಯುತ್ ಸುರಕ್ಷತೆ ನಡೆದು ಬಂದ ದಾರಿ

1902ರ ಜೂನ್ ತಿಂಗಳಲ್ಲಿ ಶಿವನಸಮುದ್ರದ ಜಲವಿದ್ಯುದಾಗಾರದಿಂದ ಸುಮಾರು 147 ಕಿಲೋಮೀಟರ್ ದೂರದ ಕೋಲಾರ ಚಿನ್ನದ ಗಣಿಗೆ ವಿದ್ಯುತ್ ಹರಿಯಿತು. 1905ರಲ್ಲಿ ಅದೇ ವಿದ್ಯುತ್ತಿನಿಂದ ಬೆಂಗಳೂರಿನ ಬೀದಿದೀಪಗಳು ಬೆಳಗಿದವು. ಈ ಮೊದಲ ಘಟ್ಟದಲ್ಲಿ ತಂತಿಯನ್ನು ಮುಟ್ಟುತ್ತಿದ್ದವರು ಬಹುಮಟ್ಟಿಗೆ ಇಲಾಖೆಯ ಇಲ್ಲವೇ ಗಣಿಯ ತರಬೇತಾದ ನೌಕರರೇ ಆಗಿದ್ದುದರಿಂದ, ಎಚ್ಚರಿಕೆಯ ಕ್ರಮಗಳೆಲ್ಲ ಅವರನ್ನು ಮನಸ್ಸಿನಲ್ಲಿಟ್ಟುಕೊಂಡೇ ರೂಪುಗೊಂಡವು. ವಿದ್ಯುತ್ತಿನ ಕಸುಬು ತಿಳಿಯದವನೂ ದಿನವಿಡೀ ವಿದ್ಯುತ್ ಯಂತ್ರದ ಮಗ್ಗುಲಲ್ಲೇ ನಿಂತು ದುಡಿಯಬೇಕಾದ ಕಾಲ ಬಂದದ್ದು ಆಮೇಲೆ; ಇಂದಿನ ಬೆಂಗಳೂರು ಗ್ರಾಮಾಂತರ ಜಿಲ್ಲೆಯಲ್ಲಿ ಅದನ್ನು ತಂದದ್ದು ಮುಖ್ಯವಾಗಿ ಎರಡು, ದೊಡ್ಡಬಳ್ಳಾಪುರದ ವಿದ್ಯುತ್ ಮಗ್ಗ ಮತ್ತು ಸುತ್ತಲ ಹೊಲಗಳ ಪಂಪ್‌ಸೆಟ್ಟು.

ದೇವಾಂಗ, ಪದ್ಮಶಾಲಿ ಮೊದಲಾದ ನೇಕಾರ ಸಮುದಾಯಗಳ ಊರಾದ ದೊಡ್ಡಬಳ್ಳಾಪುರದಲ್ಲಿ ಕೈಮಗ್ಗವು ವಿದ್ಯುತ್ ಮಗ್ಗಕ್ಕೆ ಎಡೆ ಕೊಟ್ಟಾಗ ಯಂತ್ರ ಬದಲಾಯಿತೇ ಹೊರತು ಮನೆ ಬದಲಾಗಲಿಲ್ಲ. ನಡುಮನೆಯಲ್ಲಿ ಮಗ್ಗ, ಅದರ ಹಿಂದೆ ಅಡುಗೆಮನೆ, ಬದಿಯಲ್ಲಿ ಕಂಡಿಕೆ ಸುತ್ತುವ ಹೆಂಗಸರು, ಗೋಡೆಯ ಮೇಲೆ ಮೀಟರು ಮತ್ತು ಪಿಂಗಾಣಿಯ ಫ್ಯೂಸು, ಹೀಗೆ ಕಾರ್ಖಾನೆಯೂ ಸಂಸಾರವೂ ಒಂದೇ ಸೂರಿನಡಿ ಬಂದವು. ಆದರೆ ಕಾನೂನು ನೋಡಿದ್ದು ಸೂರಿನ ಕೆಳಗಿನ ಯಂತ್ರವನ್ನಲ್ಲ, ಆಳುಗಳ ಲೆಕ್ಕವನ್ನು. 1948ರ ಕಾರ್ಖಾನೆ ಕಾಯಿದೆಯ ಪ್ರಕಾರ ವಿದ್ಯುತ್ತಿನಿಂದ ನಡೆಯುವ ಘಟಕವೊಂದು ಕಾರ್ಖಾನೆ ಎನಿಸಿಕೊಳ್ಳಬೇಕಾದರೆ ಅಲ್ಲಿ ಕನಿಷ್ಠ 10 ಮಂದಿ ಕೆಲಸಗಾರರಿರಬೇಕಾಗಿತ್ತು. ಎರಡು ಅಥವಾ ನಾಲ್ಕು ಮಗ್ಗಗಳನ್ನು ಮನೆಮಂದಿಯೇ ನಡೆಸುವ ಕುಟುಂಬಕ್ಕೆ ಈ ಲೆಕ್ಕ ಮುಟ್ಟುತ್ತಿರಲಿಲ್ಲ.

1910ರ ವಿದ್ಯುತ್ ಕಾಯಿದೆಯಡಿ ರಚಿತವಾದ 1956ರ ಭಾರತೀಯ ವಿದ್ಯುತ್ ನಿಯಮಗಳನ್ನು ಓದಿದರೆ ಇದರ ಪರಿಣಾಮ ಸ್ಪಷ್ಟವಾಗುತ್ತದೆ. ವಿದ್ಯುದಾಘಾತಕ್ಕೆ ಒಳಗಾದವರಿಗೆ ಮಾಡಬೇಕಾದ ಉಪಚಾರದ ಸೂಚನಾಫಲಕವನ್ನು ಜಿಲ್ಲೆಯ ಭಾಷೆಯಲ್ಲೂ ತೂಗುಹಾಕಬೇಕೆಂದು 44ನೆಯ ನಿಯಮ ವಿಧಿಸಿತ್ತು; ಆದರೆ ವಿದ್ಯುದಾಗಾರ, ಉಪಕೇಂದ್ರ ಮತ್ತು ಮೇಲಿನ ವ್ಯಾಖ್ಯೆಗೆ ಒಳಪಟ್ಟ ಕಾರ್ಖಾನೆಗಳಲ್ಲಿ ಮಾತ್ರ ಅದು ಕಡ್ಡಾಯವಾಗಿದ್ದು, ಉಳಿದೆಡೆ ವಿದ್ಯುತ್ ಪರಿವೀಕ್ಷಕರು ಲಿಖಿತವಾಗಿ ಸೂಚಿಸಿದರಷ್ಟೇ ಅನ್ವಯಿಸುತ್ತಿತ್ತು. ವೈರಿಂಗ್ ಕೆಲಸವನ್ನು ಪರವಾನಗಿ ಪಡೆದ ಗುತ್ತಿಗೆದಾರರಷ್ಟೇ ಮಾಡಬೇಕೆಂದ 45ನೆಯ ನಿಯಮವು ಬಲ್ಬು, ಫ್ಯಾನು, ಸ್ವಿಚ್ಚು, ಫ್ಯೂಸುಗಳ ಸಾಮಾನ್ಯ ಬದಲಾವಣೆಯನ್ನು ಅದರಿಂದ ಹೊರಗಿಟ್ಟಿತು. ಈ ವಿನಾಯಿತಿ ವ್ಯಾವಹಾರಿಕವಾದದ್ದೇ, ಏಕೆಂದರೆ ಬಲ್ಬು ಬದಲಿಸಲು ಯಾರೂ ಗುತ್ತಿಗೆದಾರನನ್ನು ಕರೆಸುವುದಿಲ್ಲ. ಹಾಗಿದ್ದರೂ ಫ್ಯೂಸನ್ನು ಬಲ್ಬಿನ ಸಾಲಿಗೆ ಸೇರಿಸಿದ್ದು ಎಲೆಕ್ಟ್ರಿಷಿಯನ್ ಅಲ್ಲದವನ ಕೈಗೆ ಇಡೀ ವ್ಯವಸ್ಥೆಯ ಅತ್ಯಂತ ಸೂಕ್ಷ್ಮ ಕೊಂಡಿಯನ್ನು ಕೊಟ್ಟಂತಾಯಿತು.

ಫ್ಯೂಸೆಂದರೆ ಪಿಂಗಾಣಿಯ ಹಿಡಿಕೆಯಲ್ಲಿ ಎರಡು ಹಿತ್ತಾಳೆ ತಿರುಪುಗಳ ನಡುವೆ ಕಟ್ಟಿದ, ತವರ ಲೇಪಿಸಿದ ಸಣ್ಣ ತಾಮ್ರದ ತಂತಿ. ನಿಗದಿತ ಪ್ರಮಾಣವನ್ನು ಮೀರಿ ವಿದ್ಯುತ್ ಹರಿದಾಗ ತಾನು ಕರಗಿ ಹೋಗಿ ಮಿಕ್ಕ ವೈರನ್ನು ಉಳಿಸುವುದು ಅದರ ಕೆಲಸ. ನೇಯ್ಗೆಗೆ ಕೂಲಿ ಸಿಗುವುದು ಸೀರೆಯ ಲೆಕ್ಕದಲ್ಲಾದ್ದರಿಂದ, ಪದೇ ಪದೇ ಹೋಗುವ ಫ್ಯೂಸು ನೇಕಾರನ ಕಣ್ಣಿಗೆ ರಕ್ಷಣೆಯಾಗಿ ಕಾಣದೆ ಕೆಲಸಕ್ಕೆ ಬಂದ ಅಡ್ಡಿಯಾಗಿ ಕಾಣುವುದು ಸಹಜವೇ ಆಗಿತ್ತು. ತುಂಡು ವೈರೊಂದರ ಎಳೆಗಳನ್ನು ಬಿಚ್ಚಿ, ಎರಡು ಮೂರನ್ನು ಹೊಸೆದು ಕಟ್ಟುವ ರೂಢಿ ಹೀಗೆ ಬೆಳೆಯಿತು. ಅದರಿಂದ ಫ್ಯೂಸು ಉಳಿಯುತ್ತಿತ್ತು, ಮೋಟಾರಿನ ಸುರುಳಿ ಸುಡುತ್ತಿತ್ತು, ಕೆಲವೊಮ್ಮೆ ಗೋಡೆಯೊಳಗಿನ ವೈರಿಗೇ ಬೆಂಕಿ ಹತ್ತುತ್ತಿತ್ತು. ಸರಿಯಾದ ತಂತಿಯನ್ನೇ ಕಟ್ಟಿದ್ದರೂ ಫ್ಯೂಸು ಮನುಷ್ಯನನ್ನು ಕಾಯುವ ಸಾಧನವಲ್ಲ ಎಂಬುದು ಇದಕ್ಕಿಂತ ಮುಖ್ಯವಾದ, ಇಂದಿಗೂ ಹೆಚ್ಚು ಜನರಿಗೆ ತಿಳಿಯದ ಸಂಗತಿ: ಫ್ಯೂಸು ಕರಗಲು ಹಲವು ಆಂಪಿಯರ್ ಬೇಕು, ಎದೆಯ ಮೂಲಕ ಹಾದು ಜೀವ ತೆಗೆಯಲು ಆಂಪಿಯರಿನ ನೂರರಲ್ಲಿ ಕೆಲವು ಭಾಗವೇ ಸಾಕಾಗಬಹುದು.

ಮನುಷ್ಯನನ್ನು ಕಾಯಬೇಕಾದದ್ದು ಅರ್ಥಿಂಗ್, ಅಂದರೆ ಮಗ್ಗದ ಕಬ್ಬಿಣದ ಚೌಕಟ್ಟನ್ನು ನೆಲಕ್ಕೆ ಜೋಡಿಸುವ ತಂತಿ. ಸುಮಾರು ಎರಡೂವರೆ ಮೀಟರ್ ಉದ್ದದ ಕೊಳವೆಯನ್ನು ಗುಂಡಿಯಲ್ಲಿ ಇಳಿಸಿ ಸುತ್ತಲೂ ಇದ್ದಿಲು, ಉಪ್ಪು ತುಂಬಿ, ಆಗಾಗ ನೀರು ಹಾಕಬೇಕಾದ ಈ ಏರ್ಪಾಟು, ಕೆಂಪುಮಣ್ಣಿನ ಕೆಳಗೆ ಗಟ್ಟಿಬಂಡೆ ಇರುವ ಈ ಬಯಲುಸೀಮೆಯಲ್ಲಿ ಬೇಸಿಗೆ ಬಂದರೆ ಒಣಗಿ ನಿರುಪಯೋಗಿಯಾಗುತ್ತದೆ. ಗುಂಡಿ ತೋಡುವ ಖರ್ಚು ಉಳಿಸಲು ಅರ್ಥ್ ತಂತಿಯನ್ನು ಕಬ್ಬಿಣದ ನಲ್ಲಿ ಪೈಪಿಗೆ ಸುತ್ತಿದ ಮನೆಗಳಲ್ಲಿ, ಪೈಪು ತುಕ್ಕು ಹಿಡಿದು ಪಿವಿಸಿ ಬಂದ ದಿನವೇ ರಕ್ಷಣೆ ಕಳಚಿಹೋಯಿತು. ನಲ್ಲಿ ರಿಪೇರಿಗೆ ಬಂದವನಿಗಾಗಲಿ ಮನೆಯವರಿಗಾಗಲಿ ಅದು ಗೊತ್ತಾಗುವಂತೆಯೇ ಇರಲಿಲ್ಲ.

ಹೊಲದ ಕಥೆ ಬೇರೆ. 1957ರಲ್ಲಿ ಸ್ಥಾಪನೆಯಾದ ವಿದ್ಯುಚ್ಛಕ್ತಿ ಮಂಡಳಿಯ ಕಾಲದಲ್ಲಿ ವಿದ್ಯುತ್ ಕಂಬಗಳು ಹಳ್ಳಿಗಳಿಗೆ ಹಬ್ಬಿದವು. ವರ್ಷಪೂರ್ತಿ ಹರಿಯುವ ನದಿಯಿಲ್ಲದ ದೇವನಹಳ್ಳಿ, ಹೊಸಕೋಟೆ ಭಾಗಗಳಲ್ಲಿ ದ್ರಾಕ್ಷಿ, ತರಕಾರಿ, ಹಿಪ್ಪುನೇರಳೆ ಬೆಳೆಯಲು ಮೊದಲು ತೆರೆದ ಬಾವಿಗೆ, ಆಮೇಲೆ ಕೊಳವೆಬಾವಿಗೆ ಮೋಟಾರು ಇಳಿಯಿತು. ತ್ರೀಫೇಸ್ ಪೂರೈಕೆ ರಾತ್ರಿ ಸಿಕ್ಕಾಗ ರೈತ ಬರಿಗಾಲಲ್ಲಿ, ಒದ್ದೆ ಬದುವಿನ ಮೇಲೆ ನಿಂತು ಕಬ್ಬಿಣದ ಸ್ಟಾರ್ಟರ್ ಪೆಟ್ಟಿಗೆಯ ಗುಂಡಿ ಒತ್ತಬೇಕಿತ್ತು. ಲೈನ್‌ಮ್ಯಾನ್ ಬರುವುದು ತಡವಾದರೆ ಟಿ.ಸಿ. ಎಂದು ಹಳ್ಳಿಗರು ಕರೆಯುವ ಟ್ರಾನ್ಸ್‌ಫಾರ್ಮರಿನ ಫ್ಯೂಸನ್ನೂ ತಾನೇ ಕಟ್ಟಲು ಮುಂದಾಗುತ್ತಿದ್ದ. ಇದನ್ನು ಬರೀ ಅಜ್ಞಾನವೆಂದು ಬಗೆಯುವುದು ತಪ್ಪು. ಅಪಾಯ ಅವನಿಗೆ ಗೊತ್ತಿತ್ತು, ಬೆಳೆ ಒಣಗುವುದೂ ಗೊತ್ತಿತ್ತು.

1998ರ ಆಸುಪಾಸಿನಿಂದ ಹೊಸಕೋಟೆಗೆ, ಬಳಿಕ ನೆಲಮಂಗಲದ ದಾಬಸ್‌ಪೇಟೆಗೆ ದೊಡ್ಡ ಕೈಗಾರಿಕೆಗಳು ಬಂದವು, 2008ರಲ್ಲಿ ದೇವನಹಳ್ಳಿಯ ವಿಮಾನನಿಲ್ದಾಣ ತೆರೆಯಿತು. ರಿಪೇರಿಗೆ ಮುನ್ನ ಸ್ವಿಚ್ಚಿಗೆ ಬೀಗ ಹಾಕಿ ಹೆಸರಿನ ಚೀಟಿ ತೂಗುಹಾಕುವ ಪದ್ಧತಿ ಇಂಥ ದೊಡ್ಡ ಸ್ಥಾವರಗಳದು. ಮಗ್ಗದ ಮನೆಗೆ ಅದು ದಾಟಿಬರಲಿಲ್ಲ.

2023ರಲ್ಲಿ ರಾಜ್ಯ ಸರ್ಕಾರವು 10 ಅಶ್ವಶಕ್ತಿಯವರೆಗಿನ ವಿದ್ಯುತ್ ಮಗ್ಗ ಘಟಕಗಳಿಗೆ ಉಚಿತ ವಿದ್ಯುತ್ ಘೋಷಿಸಿತು. ಕಾರ್ಖಾನೆ ಕಾಯಿದೆಯ ಲೆಕ್ಕಕ್ಕೆ ಸಿಗದೆ ಉಳಿದಿದ್ದ ಸಣ್ಣ ಮನೆಗಳೇ ಈ ಯೋಜನೆಯ ಮೂಲಕ ಸರ್ಕಾರದ ಪಟ್ಟಿಗೆ ಬಂದಿರುವುದರಿಂದ, ಪ್ರತಿ ಘಟಕಕ್ಕೂ ಅರ್ಥಿಂಗ್ ಪರೀಕ್ಷೆ ಮಾಡಿಸಿ, 30 ಮಿಲಿಆಂಪಿಯರ್ ಸೋರಿಕೆಗೇ ವಿದ್ಯುತ್ ಕಡಿಯುವ ಆರ್‌ಸಿಸಿಬಿ ಉಪಕರಣವನ್ನು ಅಳವಡಿಸುವ ಹೊಣೆಯನ್ನು ಸರ್ಕಾರವೇ ಹೊರುವುದು ನ್ಯಾಯ. ಬಿಲ್ಲಿನ ಹೊರೆ ಹೊತ್ತವರಿಗೆ ಆ ಖರ್ಚು ದೊಡ್ಡದೇನಲ್ಲ.