ಮಣ್ಣಿನ ಕೆಲಸ ಮತ್ತು ಒತ್ತಡದ ಅಳತೆ: ತೆಲಿಗಿ ಸೀಮೆಯ ಹಿನ್ನೆಲೆಯಲ್ಲಿ ಒಂದು ಅಧ್ಯಯನ

ತುಂಗಭದ್ರೆಯ ಪೂರ್ವಕ್ಕಿರುವ ಹರಪನಹಳ್ಳಿ ತಾಲ್ಲೂಕಿನಲ್ಲಿ ತೆಲಿಗಿ ಒಂದು ಹೋಬಳಿ ಕೇಂದ್ರ. ಈ ತಾಲ್ಲೂಕು 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆ ಜಿಲ್ಲೆಗೆ ಸೇರಿ, ಮುಂದೆ ಮತ್ತೆ ಬಳ್ಳಾರಿಗೆ ಬಂದು, 2021ರಲ್ಲಿ ರಚನೆಯಾದ ವಿಜಯನಗರ ಜಿಲ್ಲೆಯ ಭಾಗವಾಯಿತು. ಆಡಳಿತದ ಗಡಿಗಳು ಬದಲಾದರೂ ಕೆರೆ, ಬಾವಿ, ಒಡ್ಡು, ಕಾಲುವೆಗಳ ಮಣ್ಣಿನ ಕೆಲಸ ಈ ಸೀಮೆಯ ಬದುಕಿನಿಂದ ದೂರವಾಗಲಿಲ್ಲ. ಭದ್ರಾ ಅಚ್ಚುಕಟ್ಟಿನ ಕೊನೆಯ ಭಾಗವೂ ಈ ತಾಲ್ಲೂಕಿನಲ್ಲಿದ್ದು, ಕಟ್ಟಕಡೆಯ ಹೊಲಕ್ಕೆ ನೀರು ತಲುಪಬೇಕಾದರೆ ಕಾಲುವೆಯ ಹೂಳು ತೆಗೆಯಲೇಬೇಕಾಗುತ್ತದೆ. ಹಿಂದೆ ಗುದ್ದಲಿ, ಹಾರೆ, ಸಲಿಕೆ, ಬುಟ್ಟಿಗಳಿಂದ ನಡೆಯುತ್ತಿದ್ದ ಈ ಕೆಲಸವನ್ನು ಈಗ ಬಹುಮಟ್ಟಿಗೆ ಅಗೆಯುವ ಯಂತ್ರಗಳು ಮಾಡುತ್ತವೆ. ಆ ಯಂತ್ರದೊಳಗಿನ ಹೆಬ್ಬೆರಳು ಗಾತ್ರದ ಒಂದು ಭಾಗವೇ ಒತ್ತಡ ಸಂವೇದಕ, ಅಂದರೆ ಮೆಕ್ಯಾನಿಕ್‌ಗಳ ಮಾತಿನ ‘ಪ್ರೆಶರ್ ಸೆನ್ಸರ್’. ಮೇಲ್ನೋಟಕ್ಕೆ ಇದು ಜಾನಪದ ಅಧ್ಯಯನಕ್ಕೆ ಹೊರಗಿನ ವಸ್ತುವೆನಿಸಬಹುದು. ಆದರೆ ನೆಲದ ಗಟ್ಟಿತನವನ್ನು ಅರಿಯುವವರು ಯಾರು, ಆ ಅರಿವಿಗೆ ಸಾಕ್ಷಿ ಇಡುವವರು ಯಾರು ಎಂಬ ಪ್ರಶ್ನೆಯನ್ನು ಇಟ್ಟುಕೊಂಡು ನೋಡಿದರೆ ಇದು ಒಂದು ದೀರ್ಘ ಚರಿತ್ರೆಯ ಈಚಿನ ಘಟ್ಟವಾಗಿ ಕಾಣುತ್ತದೆ.

ಒತ್ತಡವನ್ನು ಅಳೆಯಲಾಗದ ಕಾಲದಲ್ಲಿ ಅದು ಅನುಭವಕ್ಕೆ ಬರುತ್ತಿದ್ದುದು ಕೆರೆಯ ಏರಿ ಒಡೆದಾಗ. ಕಡಪ ಜಿಲ್ಲೆಯ ಪೋರುಮಾಮಿಳ್ಳದ 1369ರ ಶಾಸನವು ಒಳ್ಳೆಯ ಕೆರೆಯ ಹನ್ನೆರಡು ಅಂಗಗಳನ್ನೂ ಆರು ದೋಷಗಳನ್ನೂ ಪಟ್ಟಿಮಾಡುತ್ತದೆ. ದಿನಕ್ಕೆ ಸಾವಿರ ಜನರಂತೆ ಎರಡು ವರ್ಷ ದುಡಿದು ಆ ಕೆರೆಯನ್ನು ಕಟ್ಟಿದರೆಂದೂ ಅದರಿಂದ ತಿಳಿಯುತ್ತದೆ. ಕೃಷ್ಣದೇವರಾಯನ ಕಾಲದಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ರಾಜಧಾನಿಯ ಬಳಿ ಕಟ್ಟುತ್ತಿದ್ದ ಕೆರೆಯೊಂದು ಎರಡು ಮೂರು ಬಾರಿ ಒಡೆದುದನ್ನೂ ಅದನ್ನು ತಡೆಯಲು ನರಬಲಿ ಕೊಟ್ಟುದನ್ನೂ ದಾಖಲಿಸಿದ್ದಾನೆ. ‘ಕೆರೆಗೆ ಹಾರ’ ಕಥನಗೀತೆಯ ಸಂದರ್ಭ ಬೇರೆ. ಅಲ್ಲಿ ಕೆರೆ ಒಡೆಯುವುದಿಲ್ಲ, ನೀರೇ ಬರುವುದಿಲ್ಲ. ಆದರೂ ಎರಡು ಕಡೆಯೂ ನೆಲ ಮತ್ತು ನೀರಿನ ವರ್ತನೆಯನ್ನು ತಿಳಿಯಲಾಗದ ಸಮಾಜವು ಅದರ ಬೆಲೆಯನ್ನು ಮನುಷ್ಯರ ಪ್ರಾಣದಿಂದ ತೆತ್ತದ್ದನ್ನು ಕಾಣಬಹುದು.

ಕೆರೆ ಬಾವಿಗಳನ್ನು ತೋಡಿದ ಭೋವಿ ಅಥವಾ ವಡ್ಡರ ಸಮುದಾಯದ ಅರಿವು ಇದಕ್ಕಿಂತ ಭಿನ್ನವಾದುದು. ಮಣ್ಣಿನ ಕೆಲಸ, ಕಲ್ಲಿನ ಕೆಲಸ ಎಂಬ ವಿಭಜನೆಯೇ ಸಮುದಾಯದ ಒಳಪಂಗಡಗಳ ಹೆಸರುಗಳಲ್ಲಿ ಉಳಿದಿದೆ. ಸೊನ್ನಲಿಗೆಯಲ್ಲಿ ಕೆರೆ ಕಟ್ಟಿಸಿದ ಹನ್ನೆರಡನೆಯ ಶತಮಾನದ ಶಿವಯೋಗಿ ಸಿದ್ಧರಾಮನನ್ನು ಈ ಸಮುದಾಯ ತನ್ನ ಗುರುವೆಂದು ಭಾವಿಸುವುದೂ ಅರ್ಥಪೂರ್ಣವಾಗಿದೆ. ಎರೆ, ಮಸಾರಿ, ಗರಸು, ಬಂಡೆ ಇವುಗಳ ವ್ಯತ್ಯಾಸ ಹಾರೆಯ ಸದ್ದಿನಿಂದಲೂ ಅಂಗೈಗೆ ತಟ್ಟುವ ಪೆಟ್ಟಿನಿಂದಲೂ ತಿಳಿಯುತ್ತಿತ್ತು. ಈ ಅರಿವು ಬರಹಕ್ಕೆ ಬರಲಿಲ್ಲ, ದುಡಿಯುವ ದೇಹದಲ್ಲಿಯೇ ಇತ್ತು. ಲೆಕ್ಕಕ್ಕೆ ಬೇಕಾದ ಸಾಕ್ಷಿ ಮಾತ್ರ ಕಣ್ಣಿಗೆ ಕಾಣುವಂತಿತ್ತು. ಅಗೆದ ಗುಂಡಿಯ ನಡುವೆ ಮೂಲ ನೆಲದ ಎತ್ತರ ತೋರುವಂತೆ ಮಣ್ಣಿನ ಸಣ್ಣ ದಿಬ್ಬವನ್ನು ಅಗೆಯದೆ ಬಿಡುವುದು ಮಣ್ಣಿನ ಕೆಲಸದ ಹಳೆಯ ರೂಢಿ. ಅದರ ಎತ್ತರ ನೋಡಿ ಆಳವನ್ನು ಅಳೆದು, ಅಳತೆ ಪುಸ್ತಕದಲ್ಲಿ ಬರೆದು ಕೂಲಿ ಕೊಡಲಾಗುತ್ತಿತ್ತು. ಓದು ಬಾರದ ಕೂಲಿಕಾರನೂ ಲೆಕ್ಕ ಬರೆಯುವ ಅಧಿಕಾರಿಯೂ ಒಟ್ಟಿಗೆ ನಿಂತು ನೋಡಬಹುದಾಗಿದ್ದ ಸಾಕ್ಷಿ ಅದು.

ಯಂತ್ರದ ಚರಿತ್ರೆ ಬೇರೆ ನೆಲದಲ್ಲಿ ಬೆಳೆಯಿತು. ಮುಚ್ಚಿದ ದ್ರವದ ಮೇಲೆ ಹೇರಿದ ಒತ್ತಡ ಎಲ್ಲ ದಿಕ್ಕಿಗೂ ಸಮನಾಗಿ ಹರಡುತ್ತದೆಂಬ ತತ್ವವನ್ನು ಹದಿನೇಳನೆಯ ಶತಮಾನದಲ್ಲಿ ಪಾಸ್ಕಲ್ ನಿರೂಪಿಸಿದ. 1795ರಲ್ಲಿ ಜೋಸೆಫ್ ಬ್ರಾಮಾ ಅದನ್ನು ಬಳಸಿ ದ್ರವಚಾಲಿತ ಒತ್ತುಯಂತ್ರಕ್ಕೆ ಹಕ್ಕುಪತ್ರ ಪಡೆದ. ಅಮೆರಿಕದ ವಿಲಿಯಂ ಓಟಿಸ್ 1839ರಲ್ಲಿ ಹಕ್ಕುಪತ್ರ ಪಡೆದ ಅಗೆಯುವ ಯಂತ್ರ ಉಗಿಯಿಂದ ನಡೆಯುತ್ತಿತ್ತು. ಎಣ್ಣೆಯ ಒತ್ತಡದಿಂದ ಅಗೆಯುವ ಯಂತ್ರಗಳು ವ್ಯಾಪಕವಾಗಿ ಬಳಕೆಗೆ ಬಂದದ್ದು ಎರಡನೆಯ ಮಹಾಯುದ್ಧದ ನಂತರ. ಕರ್ನಾಟಕದ ಮಟ್ಟಿಗೆ 1964ರಲ್ಲಿ ಸ್ಥಾಪನೆಯಾದ ಬಿಇಎಂಎಲ್ ಸಂಸ್ಥೆಯ ಕೋಲಾರ ಚಿನ್ನದ ಗಣಿ ಪ್ರದೇಶದ ಘಟಕ ಮತ್ತು ಧಾರವಾಡದ ಟಾಟಾ ಹಿಟಾಚಿ ಕಾರ್ಖಾನೆ ಮುಖ್ಯವಾದವು. 1999ರಲ್ಲಿ ಟೆಲ್ಕಾನ್ ಎಂಬ ಹೆಸರಿನಿಂದ ಪ್ರತ್ಯೇಕ ಕಂಪನಿಯಾದ ಸಂಸ್ಥೆಯೇ 2012ರಲ್ಲಿ ಟಾಟಾ ಹಿಟಾಚಿ ಎಂದು ಹೆಸರು ಬದಲಿಸಿಕೊಂಡಿತು. ಜೆಸಿಬಿ ಭಾರತಕ್ಕೆ ಬಂದದ್ದು 1979ರಲ್ಲಿ. ಸಂಡೂರು, ಹೊಸಪೇಟೆ ಭಾಗದ ಅದಿರು ಗಣಿಗಾರಿಕೆಯ ಭರಾಟೆಯಲ್ಲಿ, ಅಂದರೆ 2011ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ತಡೆಹಿಡಿಯುವವರೆಗಿನ ದಶಕದಲ್ಲಿ, ಸುತ್ತಲ ತಾಲ್ಲೂಕುಗಳ ಜನರಿಗೆ ಇಂಥ ಯಂತ್ರಗಳ ಪರಿಚಯ ಗಾಢವಾಯಿತು. ಮುಂದೆ ತೊಟ್ಟಿ, ಹಿಂದೆ ಅಗೆಯುವ ತೋಳು ಇರುವ ಗಾಲಿಯ ಯಂತ್ರ ಯಾವ ಕಂಪನಿಯದಾದರೂ ಜನರ ಬಾಯಲ್ಲಿ ‘ಜೆಸಿಬಿ’. ಸರಪಳಿ ಪಟ್ಟಿಯ ಮೇಲೆ ತಿರುಗುವ ಯಂತ್ರ ‘ಹಿಟಾಚಿ’. ಕಂಪನಿಯ ಹೆಸರನ್ನು ವಸ್ತುವಿನ ಹೆಸರಾಗಿಸಿಕೊಂಡ ಈ ಬಳಕೆ ಜನಭಾಷೆಯ ಸ್ವೀಕಾರಗುಣಕ್ಕೆ ನಿದರ್ಶನವಾಗಿದೆ.

ಈ ಯಂತ್ರದಲ್ಲಿ ಪಂಪು ಕೊಡುವುದು ಎಣ್ಣೆಯ ಹರಿವನ್ನು. ಒತ್ತಡವನ್ನು ಹುಟ್ಟಿಸುವುದು ನೆಲದ ಪ್ರತಿರೋಧ. ಬಕೆಟ್ಟಿನ ಹಲ್ಲು ಸಡಿಲ ಮಣ್ಣಿನಲ್ಲಿರುವಾಗ ಒತ್ತಡ ಕಡಿಮೆ, ಬಂಡೆಗೆ ತಾಗಿದೊಡನೆ ಅದು ಏರುತ್ತದೆ. ಇಪ್ಪತ್ತು ಟನ್ ತೂಕದ ಯಂತ್ರದಲ್ಲಿ ಇದು ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 350 ಕಿಲೋಗ್ರಾಂವರೆಗೆ ಹೋಗಬಲ್ಲದು. ಹತ್ತು ಮೀಟರ್ ಆಳದ ಕೆರೆಯ ತಳದಲ್ಲಿ ನೀರು ಒಡ್ಡುವ ಒತ್ತಡ ಅದೇ ಅಳತೆಯಲ್ಲಿ ಕೇವಲ 1 ಕಿಲೋಗ್ರಾಂ. ಮಿತಿ ಮೀರಿದಾಗ ಸುರಕ್ಷಾ ವಾಲ್ವ್ ತೆರೆದು ಎಣ್ಣೆಯನ್ನು ತೊಟ್ಟಿಗೆ ಹಿಂದಿರುಗಿಸುತ್ತದೆ. ಫ್ರಾನ್ಸಿನ ಬೋರ್ಡನ್ 1849ರಲ್ಲಿ ರೂಪಿಸಿದ ಬಾಗಿದ ಕೊಳವೆಯ ಮಾಪಕ, ಮುಳ್ಳು ತಿರುಗುವ ಗೇಜಿನ ರೂಪದಲ್ಲಿ ಇಂದಿಗೂ ಪರೀಕ್ಷೆಗೆ ಬಳಕೆಯಲ್ಲಿದೆ. 1938ರಲ್ಲಿ ಅಮೆರಿಕದಲ್ಲಿ ರೂಪುಗೊಂಡ, ಲೋಹದ ಎಳೆತವನ್ನು ವಿದ್ಯುತ್ತಿನಿಂದ ಅಳೆಯುವ ಸಾಧನವು ಇನ್ನೊಂದು ದಾರಿಯನ್ನು ತೆರೆಯಿತು. ಸಂವೇದಕದೊಳಗಿನ ತೆಳುವಾದ ಉಕ್ಕಿನ ಪೊರೆ ಎಣ್ಣೆಯ ಒತ್ತಡಕ್ಕೆ ಕಣ್ಣಿಗೆ ಕಾಣದಷ್ಟು ಬಾಗುತ್ತದೆ. ಆ ಬಾಗುವಿಕೆಯಿಂದ ವಿದ್ಯುತ್ ರೋಧ ಬದಲಾಗಿ, ಸಾಮಾನ್ಯವಾಗಿ 0.5ರಿಂದ 4.5 ವೋಲ್ಟ್‌ಗಳ ನಡುವಿನ ಸಂಕೇತವಾಗಿ ಯಂತ್ರದ ನಿಯಂತ್ರಕ ಪೆಟ್ಟಿಗೆಯನ್ನು ಸೇರುತ್ತದೆ. ಎಂಜಿನ್ ಮುಗ್ಗರಿಸದಂತೆ ಪಂಪಿನ ಹರಿವನ್ನು ತಗ್ಗಿಸುವುದು, ಲಿವರುಗಳು ಸುಮ್ಮನಿದ್ದಾಗ ಎಂಜಿನ್ನಿನ ವೇಗ ಇಳಿಸಿ ಡೀಸೆಲ್ ಉಳಿಸುವುದು ಮುಂತಾದ ಕೆಲಸಗಳು ಇದರಿಂದ ಸಾಧ್ಯವಾದವು.

ಇದರ ಪರಿಣಾಮ ಆಪರೇಟರನ ಅರಿವಿನ ಮೇಲೂ ಆಗಿದೆ. ಹಳೆಯ ಯಂತ್ರದಲ್ಲಿ ಎಂಜಿನ್ನಿನ ಸದ್ದು ಕುಗ್ಗುವುದನ್ನು ಕೇಳಿ, ನೆಲ ಗಟ್ಟಿಯಾಯಿತೆಂದು ತಿಳಿದು ಲಿವರನ್ನು ಸಡಿಲಿಸುವುದು ಅವನ ಕೌಶಲವಾಗಿತ್ತು. ಅದು ಹಾರೆಯ ಸದ್ದು ಕೇಳುತ್ತಿದ್ದವರ ಅರಿವಿನ ಮುಂದುವರಿಕೆಯೇ ಹೌದು. ಈಗ ಆ ತೀರ್ಮಾನದ ಒಂದು ಭಾಗವನ್ನು ಪೆಟ್ಟಿಗೆ ತೆಗೆದುಕೊಳ್ಳುತ್ತದೆ. ಧೂಳು, ತೇವ, ಸವೆದ ತಂತಿಗಳಿಂದ ಸಂಕೇತ ತಪ್ಪಿದರೆ ಪಂಪು ಸರಿಯಿದ್ದರೂ ಯಂತ್ರ ಬಲಹೀನವಾಗಿ ವರ್ತಿಸಬಹುದು. ಇದಕ್ಕೆ ಮೆಕ್ಯಾನಿಕ್‌ಗಳು ಕಂಡುಕೊಂಡ ಉಪಾಯ ಸರಳವಾದುದು. ಎರಡು ಪಂಪುಗಳಿಗೂ ಒಂದೇ ಬಗೆಯ ಸಂವೇದಕಗಳಿದ್ದರೆ ಅವನ್ನು ಅದಲುಬದಲು ಮಾಡಿ ನೋಡುತ್ತಾರೆ. ದೋಷವೂ ಜೊತೆಗೆ ಸ್ಥಳ ಬದಲಿಸಿದರೆ ಕೆಟ್ಟಿರುವುದು ಸಂವೇದಕ, ಇದ್ದಲ್ಲೇ ಉಳಿದರೆ ತಂತಿಯನ್ನೋ ಪಂಪನ್ನೋ ಪರೀಕ್ಷಿಸಬೇಕು. ಆದರೆ ಬಿಚ್ಚುವ ಮೊದಲು ಬಕೆಟ್ಟನ್ನು ನೆಲಕ್ಕೂರಿ, ಎಂಜಿನ್ ನಿಲ್ಲಿಸಿ, ಕೊಳವೆಯಲ್ಲಿ ಉಳಿದ ಒತ್ತಡವನ್ನು ಇಳಿಸಲೇಬೇಕು. ಸೂಜಿಮೊನೆಯಷ್ಟು ರಂಧ್ರದಿಂದ ಚಿಮ್ಮಿದ ಎಣ್ಣೆ ಚರ್ಮವನ್ನು ತೂರಿ ಒಳಹೊಕ್ಕರೆ ಕೈಯನ್ನೇ ಕಳೆದುಕೊಳ್ಳುವ ಅಪಾಯವಿದೆ. ಅಳತೆಯ ಸಾಧನ ಬಂದರೂ ಒತ್ತಡದ ಮುಂದೆ ನಿಲ್ಲುವ ದೇಹ ದುಡಿಯುವವನದೇ ಎಂಬುದನ್ನು ಮರೆಯಲಾಗದು.

ಸಾಕ್ಷಿಯ ಪ್ರಶ್ನೆ ಇನ್ನೂ ಮುಖ್ಯವಾದುದು. 2005ರ ರಾಷ್ಟ್ರೀಯ ಗ್ರಾಮೀಣ ಉದ್ಯೋಗ ಖಾತರಿ ಕಾಯಿದೆ 2006ರಲ್ಲಿ ಮೊದಲ ಹಂತದಲ್ಲಿಯೇ ದಾವಣಗೆರೆ ಜಿಲ್ಲೆಗೆ ಬಂದಾಗ ಹರಪನಹಳ್ಳಿ ಆ ಜಿಲ್ಲೆಯಲ್ಲಿತ್ತು. ಗುತ್ತಿಗೆದಾರರನ್ನೂ ಕೂಲಿಕಾರರ ಕೆಲಸ ಕಸಿಯುವ ಯಂತ್ರಗಳನ್ನೂ ಆ ಯೋಜನೆಯ ಕಾಮಗಾರಿಗಳಿಂದ ದೂರವಿಡುವ ನಿಯಮವಿತ್ತು. ಅಗೆದವರು ಯಾರು ಎಂಬುದೇ ವಿವಾದದ ವಿಷಯವಾಗಬಲ್ಲ ಇಂಥ ಕಡೆ, ಯಾವ ಹೊತ್ತಿನಲ್ಲಿ ಯಂತ್ರ ಎಷ್ಟು ದುಡಿಯಿತು ಎಂಬ ದಾಖಲೆಗೆ ಬೆಲೆಯಿದೆ. ಈಚಿನ ಅನೇಕ ಯಂತ್ರಗಳು ದುಡಿಮೆಯ ಗಂಟೆ, ಇಂಧನ, ದೋಷಸಂಕೇತಗಳನ್ನು ದೂರದ ಕಛೇರಿಗೆ ತಲುಪಿಸುತ್ತವೆ. ಯಂತ್ರ ಕೆಟ್ಟಾಗ ತಪ್ಪು ಆಪರೇಟರನದೋ ಬಿಡಿಭಾಗದ್ದೋ ಎಂಬುದನ್ನೂ ಆ ದಾಖಲೆಯೇ ಹೇಳಬಲ್ಲದು. ಆದರೆ ಅದನ್ನು ಓದುವ ಸೌಲಭ್ಯ ಇರುವುದು ಮಾಲೀಕನಿಗೆ ಮತ್ತು ಕಂಪನಿಗೆ. ಗುಂಡಿಯ ನಡುವಿನ ಮಣ್ಣಿನ ದಿಬ್ಬವನ್ನು ಎರಡೂ ಪಕ್ಷದವರು ಓದಬಹುದಾಗಿತ್ತು. ನಿಯಂತ್ರಕ ಪೆಟ್ಟಿಗೆಯ ಸಾಕ್ಷಿಯನ್ನು ದುಡಿದವನೇ ಓದಲಾರ.

ಮಣ್ಣಿನ ಕೆಲಸದ ಅರಿವು ಯಂತ್ರದ ಬರವಿನಿಂದ ಅಳಿಯಿತೆಂದು ಹೇಳಿಬಿಡುವುದು ಸುಲಭ. ವಾಸ್ತವದಲ್ಲಿ ಅದು ಕೈಯಿಂದ ಕಿವಿಗೆ, ಕಿವಿಯಿಂದ ಸಂವೇದಕಕ್ಕೆ ಜಾಗ ಬದಲಿಸಿದೆ. ಈ ಸ್ಥಳಾಂತರದಲ್ಲಿ ಒಂದಿಷ್ಟು ಸುರಕ್ಷತೆ ಮತ್ತು ಉಳಿತಾಯ ದೊರೆತಿರುವುದು ನಿಜ. ದುಡಿಮೆಯ ಸಾಕ್ಷಿ ದುಡಿಯುವವರ ಕಣ್ಣಿನಿಂದ ದೂರವಾಗಿರುವುದೂ ಅಷ್ಟೇ ನಿಜ. ಒಡ್ಡು ಹಾಕಿದವರ ಪದಗಳನ್ನು ಸಂಗ್ರಹಿಸಿದಂತೆಯೇ ಆಪರೇಟರುಗಳ ಮತ್ತು ಹಳ್ಳಿಯ ಮೆಕ್ಯಾನಿಕ್‌ಗಳ ಪದಗಳನ್ನು, ಸದ್ದಿನಿಂದ ದೋಷ ಗುರುತಿಸುವ ಅವರ ಕ್ರಮಗಳನ್ನು ದಾಖಲಿಸುವುದು ವೃತ್ತಿ ಜಾನಪದದ ಕೆಲಸವಾಗಬೇಕು. ಜೊತೆಗೆ ಯಂತ್ರ ಹೇಳುವ ಲೆಕ್ಕ ಆಪರೇಟರನ ಭಾಷೆಯಲ್ಲಿ, ಅವನಿಗೂ ಕಾಣುವಂತೆ ದೊರೆಯಬೇಕೆಂಬ ಬೇಡಿಕೆಗೆ ಈ ಚರಿತ್ರೆ ಆಧಾರವನ್ನು ಒದಗಿಸುತ್ತದೆ.